ವಿ.ವಿ. ಪುರಂ ತಿಂಡಿ ಬೀದಿಗೆ ಹೊಸ ಹೆಸರು ಬೇಕೇ? ಪರ, ವಿರೋಧ, ಕಾನೂನು, ಕಾಗದಪತ್ರ

ಊರಹಾದಿ:
ಬೆಂಗಳೂರಿನ ವಿ.ವಿ. ಪುರಂನಲ್ಲಿ ಸಜ್ಜನ್ ರಾವ್ ಸರ್ಕಲ್ ಪಕ್ಕದ ತಿಂಡಿ ಬೀದಿಯ ಹೆಸರಿನ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ಸಾಲಿಗೆ ನಿಂತುಬಿಡುತ್ತದೆ. ಒಬ್ಬರು "ಇಷ್ಟು ಹೆಸರುವಾಸಿ ಬೀದಿಗೆ ಸಾಧಕರೊಬ್ಬರ ಹೆಸರಿಡಿ" ಅನ್ನುತ್ತಾರೆ, ಇನ್ನೊಬ್ಬರು "ಇರೋ ಹೆಸರು ಮುಟ್ಟಬೇಡಿ" ಅನ್ನುತ್ತಾರೆ. ಇಬ್ಬರಿಗೂ ಬೀದಿಯ ಮೇಲೆ ಪ್ರೀತಿ ಇದೆ, ಮಾಹಿತಿ ಮಾತ್ರ ಕಡಿಮೆ. ಹಾಗಾಗಿ ಈ ಎಳೆಯಲ್ಲಿ ಮೂರು ವಿಷಯಕ್ಕಷ್ಟೇ ಉತ್ತರ ಬರಲಿ: ಹೆಸರು ಬದಲಿಸುವ ಅಧಿಕಾರ ಯಾರದ್ದು, ಬದಲಾದರೆ ಮನೆ-ಅಂಗಡಿಯವರ ದಾಖಲೆಗಳಿಗೆ ಏನಾಗುತ್ತದೆ, ಗಾಡಿ ಇಟ್ಟುಕೊಂಡವರಿಗೆ ಅದರಿಂದ ಒಳ್ಳೆಯದೋ ಕೆಟ್ಟದೋ. ಪಕ್ಷ, ಜಾತಿ ಎಳೆದು ತರಬೇಡಿ ಎಂದು ಕೋರಿಕೆ.

ಕಡತಪಾಲ:
ಮೊದಲನೆಯದಕ್ಕೆ ಉತ್ತರ. ಊರಿನ ಹೆಸರೇ ಬೇರೆ, ಬೀದಿಯ ಹೆಸರೇ ಬೇರೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಹೆಸರು ಕನ್ನಡದ ಉಚ್ಚಾರಕ್ಕೆ ಬಂದಾಗ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕಾಯಿತು. ಬೀದಿಯ ಕಡತ ದೆಹಲಿಗೆ ಹೋಗುವುದಿಲ್ಲ. ಪಾಲಿಕೆ ಮತ್ತು ರಾಜ್ಯ ಸರ್ಕಾರದ ಮಟ್ಟದಲ್ಲೇ ಮುಗಿಯುತ್ತದೆ.

ಕಡತ ಸಾಗುವ ದಾರಿ ಸಾಮಾನ್ಯವಾಗಿ ಹೀಗೆ: ಸಂಘ ಅಥವಾ ಜನಪ್ರತಿನಿಧಿಯ ಮನವಿ, ಅದರ ಮೇಲೆ ಅಧಿಕಾರಿಗಳ ಟಿಪ್ಪಣಿ, ಪಾಲಿಕೆಯ ನಿರ್ಣಯ, ಆಕ್ಷೇಪಣೆ ಕರೆದು ಸಾರ್ವಜನಿಕ ಪ್ರಕಟಣೆ, ಬಂದ ಆಕ್ಷೇಪಣೆಗಳ ಪರಿಶೀಲನೆ, ಸರ್ಕಾರದ ಅನುಮೋದನೆ, ಕೊನೆಗೆ ಆದೇಶ. ನಾಮಫಲಕ ಬರುವುದು ಇಷ್ಟೆಲ್ಲ ಆದಮೇಲೆ. ಆದರೆ ಬಹಳ ಜನಕ್ಕೆ ವಿಷಯ ಗೊತ್ತಾಗುವುದೇ ಫಲಕದ ಅನಾವರಣದ ದಿನ, ಅಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿರುತ್ತದೆ.

ಮೈಸೂರಿನ ಉದಾಹರಣೆ ಎಲ್ಲರೂ ನೋಡಿದ್ದೇ. ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ 'ಸಿದ್ದರಾಮಯ್ಯ ಆರೋಗ್ಯ ಮಾರ್ಗ' ಎಂಬ ಹೆಸರಿಡುವ ಬಗ್ಗೆ 2024ರ ಕೊನೆಗೆ ಪಾಲಿಕೆ ಪ್ರಕಟಣೆ ಹೊರಡಿಸಿ 30 ದಿನ ಕೊಟ್ಟಿತು. ಅದು ಮೊದಲಿನಿಂದ ಪ್ರಿನ್ಸೆಸ್ ರಸ್ತೆ ಎಂದು ಹಲವರು ಎದ್ದು ನಿಂತರು. ಆಗ ಇಡೀ ವಾದ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಹಳೆಯ ಹೆಸರಿಗೆ ದಾಖಲೆ ಎಲ್ಲಿದೆ? ನಮ್ಮ ಬೀದಿಗೂ ನಾಳೆ ಇದೇ ಪ್ರಶ್ನೆ ಬರುತ್ತದೆ. ತಿಂಡಿ ಬೀದಿ, ಫುಡ್ ಸ್ಟ್ರೀಟ್ ಎರಡೂ ಜನರ ಬಾಯಲ್ಲಿ ಹುಟ್ಟಿದ ಹೆಸರುಗಳು.

ಇನ್ನೊಂದು ಮಾತು. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಗಳ ಕಾಲ. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಯಿತು. ಅರ್ಜಿ ಕೊಡುವವರು ತಮ್ಮ ಸ್ವತ್ತು ಯಾವ ಪಾಲಿಕೆಗೆ ಬಂದಿದೆ ಎಂದು ಖಚಿತ ಮಾಡಿಕೊಂಡೇ ವಿಳಾಸ ಬರೆಯಿರಿ. ತಪ್ಪು ಕಚೇರಿಗೆ ಹೋದ ಆಕ್ಷೇಪಣೆ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಗಡುವು ದಾಟುತ್ತದೆ.

ಸಾಧಕರ_ಪರ:
ಹೆಸರಿಡಬೇಕು ಎನ್ನುವ ಕಡೆಯಿಂದ ಬರೆಯುತ್ತಿದ್ದೇನೆ. "ಹೊಸ ಹೆಸರು ಜನರ ಬಾಯಿಗೆ ಹತ್ತುವುದಿಲ್ಲ" ಎಂಬ ವಾದ ಪೂರ್ತಿ ಸರಿಯಲ್ಲ. ಅಲ್ಲೇ ಹತ್ತಿರದ ಬಸವನಗುಡಿಯಲ್ಲಿ ನಾಗಸಂದ್ರ ರಸ್ತೆ ಡಿವಿಜಿ ರಸ್ತೆಯಾಯಿತು. ಇವತ್ತು ಆಟೋದವರಿಂದ ಹಿಡಿದು ಸೀರೆ ಅಂಗಡಿಯವರವರೆಗೆ ಎಲ್ಲರೂ ಡಿವಿಜಿ ರಸ್ತೆ ಅಂತಲೇ ಹೇಳುವುದು. ಎಂ.ಜಿ. ರಸ್ತೆಯ ಹಳೆಯ ಹೆಸರು ಸೌತ್ ಪರೇಡ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಎಂ.ಜಿ. ರಸ್ತೆ ಅಂದರೆ ಮಗುವಿಗೂ ಗೊತ್ತು. ಊರಿಗೆ ದುಡಿದವರ ಹೆಸರು ದಿನಾ ಸಾವಿರಾರು ಜನರ ಕಿವಿಗೆ ಬೀಳಬೇಕು ಎಂಬ ಆಸೆಯಲ್ಲಿ ತಪ್ಪೇನಿದೆ?

ಹಳೆನಕ್ಷೆ:
ತಪ್ಪಿಲ್ಲ ಸರ್. ಆದರೆ ಆ ಎರಡು ಹೆಸರು ಏಕೆ ಉಳಿದವು ಎಂದು ಸ್ವಲ್ಪ ಬಿಡಿಸಿ ನೋಡೋಣ. ಎರಡೂ ಎರಡು ಮೂರು ಅಕ್ಷರಕ್ಕೆ ಇಳಿಯುತ್ತವೆ. ಬಸ್ಸಿನಲ್ಲಿ ನಿಂತು ಕಂಡಕ್ಟರ್‌ಗೆ ಕೂಗಿ ಹೇಳಲು ಬರುತ್ತವೆ. ಸೌತ್ ಪರೇಡ್ ದಂಡಿನವರ (ಬ್ರಿಟಿಷ್ ಸೇನೆಯವರ) ಹೆಸರು, ಪೇಟೆಯ ಜನಕ್ಕೆ ಅದರ ಮೇಲೆ ಮಮತೆ ಇರಲಿಲ್ಲ.

ಉಳಿಯದ ಪಟ್ಟಿ ಇದಕ್ಕಿಂತ ಉದ್ದ. ಕಬ್ಬನ್ ಪಾರ್ಕಿನ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ; ಬೋರ್ಡಿನಲ್ಲಿದೆ, ಬಾಯಲ್ಲಿಲ್ಲ. ರೆಸಿಡೆನ್ಸಿ ರಸ್ತೆ ದಾಖಲೆಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ಅಂಥ ದೊಡ್ಡ ಸೇನಾನಿಯ ಹೆಸರಿಟ್ಟೂ ಜನ ಇನ್ನೂ ರೆಸಿಡೆನ್ಸಿ ರೋಡ್ ಅನ್ನುತ್ತಾರೆ. ಮೆಜೆಸ್ಟಿಕ್ ನೋಡಿ: ಆ ಹೆಸರು ಕೊಟ್ಟ ಚಿತ್ರಮಂದಿರವೇ ಇಲ್ಲ, ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿದೆ, ಆದರೂ ಬಸ್ ಹತ್ತುವವರು ಕೇಳುವುದು "ಮೆಜೆಸ್ಟಿಕ್ ಹೋಗುತ್ತಾ?" ಅಂತಲೇ.

ಬೀದಿಗೆ ಅಲ್ಲಿನ ಕೆಲಸದಿಂದಲೇ ಹೆಸರು ಬಂದಿದ್ದರೆ ಅದನ್ನು ಅಳಿಸುವುದು ಇನ್ನೂ ಕಷ್ಟ. ಅಕ್ಕಿಪೇಟೆ, ಬಳೆಪೇಟೆ, ರಾಗಿಪೇಟೆ, ಅರಳೇಪೇಟೆ ಇವೆಲ್ಲ ಸರಕಿನಿಂದ, ಕಸುಬಿನಿಂದ ಬಂದ ಹೆಸರು. ತಿಂಡಿ ಬೀದಿ ಇದೇ ಸಾಲಿಗೆ ಸೇರುತ್ತದೆ. ಹೋಳಿಗೆ, ಪಡ್ಡು, ಅಕ್ಕಿ ರೊಟ್ಟಿ, ನಿಪ್ಪಟ್ಟು ಮಸಾಲೆ ಸಿಗುವ ತನಕ ಜನ ಅದನ್ನೇ ಕರೆಯುತ್ತಾರೆ. ಹೊಸ ಹೆಸರು ಕಾಗದದಲ್ಲಿ ಮಾತ್ರ ಉಳಿದರೆ ಯಾರ ಗೌರವಕ್ಕೆ ಅದನ್ನು ಇಟ್ಟೆವೋ ಅವರಿಗೇ ಅಗೌರವ. ಇದು ನನ್ನ ಮುಖ್ಯ ಆಕ್ಷೇಪ.

ಹೊರಗಿನ ಉದಾಹರಣೆಯೂ ಇದೆ. ಕೌಲಾಲಂಪುರದ ಜಲಾನ್ ಅಲೋರ್ ರಾತ್ರಿ ತಿಂಡಿಗೆ ಪ್ರಸಿದ್ಧ ಬೀದಿ. ಅಲ್ಲಿನ ನಗರಾಡಳಿತ ಹೆಸರು ಬದಲಿಸಹೋಗಿ, ಜನರು, ವ್ಯಾಪಾರಿಗಳು ವಿರೋಧಿಸಿದ ಮೇಲೆ ಹಳೆಯ ಹೆಸರಿಗೇ ಮರಳಿತು.

ಖಾತಾಕಂದಾಯ:
ಎರಡನೇ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದವಾದೀತು. ಗಾಬರಿಯಾಗುವಷ್ಟು ಏನೂ ಆಗುವುದಿಲ್ಲ, ಆದರೆ ಕೆಲವು ಕಡೆ ನಿಜವಾಗಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಆಸ್ತಿ ತೆರಿಗೆ: ಪಾಲಿಕೆ ಪ್ರತಿ ಸ್ವತ್ತಿಗೆ ಕೊಡುವ ಗುರುತಿನ ಸಂಖ್ಯೆ, ಅಂದರೆ ಪಿಐಡಿ, ಮೂರು ಭಾಗದ್ದು. ವಾರ್ಡ್, ಬೀದಿ, ಸ್ವತ್ತು. ಬೀದಿಗೆ ಅಲ್ಲಿರುವುದು ಅಂಕಿ, ಹೆಸರಲ್ಲ. ಹೆಸರು ಬದಲಾದರೂ ಪಿಐಡಿ ಅಲುಗಾಡುವುದಿಲ್ಲ. ಬೆಸ್ಕಾಂ ಬಿಲ್ಲೂ ಹಾಗೆಯೇ, ಅದು ಆರ್‌ಆರ್ ಸಂಖ್ಯೆಗೆ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ಕಟ್ಟಿಬಿದ್ದದ್ದು.

ನೋಂದಣಿ: ಇಲ್ಲಿ ಎಚ್ಚರ. ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆ ಪಟ್ಟಿ ರಸ್ತೆವಾರು ಇರುತ್ತದೆ. ಆದೇಶ ಇವತ್ತು ಹೊರಟರೂ ಪಟ್ಟಿಯಲ್ಲಿ ಹೆಸರು ತಿದ್ದುವುದು ಮುಂದಿನ ಪರಿಷ್ಕರಣೆಗೆ ಉಳಿಯಬಹುದು. ನಡುವೆ ಕ್ರಯಪತ್ರ ಮಾಡಿಸುವವರ ಷೆಡ್ಯೂಲ್‌ನಲ್ಲಿ ಒಂದು ಹೆಸರು, ಪಟ್ಟಿಯಲ್ಲಿ ಇನ್ನೊಂದು, ಇ-ಖಾತಾದಲ್ಲಿ ಮತ್ತೊಂದು ಎಂದಾದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅರ್ಜಿ ವಾಪಸ್ ಬರುವ ಸಂಭವ ಹೆಚ್ಚು. ಪರಿಹಾರ ಸರಳ: ಚೆಕ್ಕುಬಂದಿ (ಸ್ವತ್ತಿನ ನಾಲ್ಕು ದಿಕ್ಕಿನ ಗಡಿ) ಬರೆಯುವಾಗ "ಪೂರ್ವಕ್ಕೆ ಇಂಥ ರಸ್ತೆ, ಇದರ ಹಿಂದಿನ ಹೆಸರು ಇಂಥದ್ದು" ಎಂದು ಎರಡನ್ನೂ ಸೇರಿಸಿ. ಹಳೆಯ ಪತ್ರಗಳ ಚೆಕ್ಕುಬಂದಿಗೆ ತಿದ್ದುಪಡಿ ಪತ್ರ ಮಾಡಿಸಬೇಕಾಗಿಲ್ಲ, ಆದೇಶದ ದೃಢೀಕೃತ ನಕಲು ಪತ್ರದ ಜೊತೆ ಇಟ್ಟುಕೊಂಡರೆ ಸಾಕು.

ಜಿಎಸ್‌ಟಿ: ವ್ಯಾಪಾರದ ಮುಖ್ಯ ಸ್ಥಳದ ವಿಳಾಸ ಮೂಲ ಮಾಹಿತಿಯ ಸಾಲಿಗೆ ಸೇರುತ್ತದೆ, ಅಧಿಕಾರಿ ಒಪ್ಪದೆ ಬದಲಾಗದು. ಬದಲಾದ 15 ದಿನದೊಳಗೆ ಆರ್‌ಇಜಿ-14 ನಮೂನೆಯಲ್ಲಿ ಅರ್ಜಿ ಹಾಕಬೇಕು. ಎಡವುವುದು ಇಲ್ಲಿ: ಅರ್ಜಿಯಲ್ಲಿ ಹೊಸ ಹೆಸರು ಬರೆದು, ಪುರಾವೆಗೆ ಹಳೆಯ ಹೆಸರಿನ ಕರೆಂಟ್ ಬಿಲ್ ಲಗತ್ತಿಸುತ್ತಾರೆ. ಎರಡೂ ಹೊಂದುವುದಿಲ್ಲ ಎಂದು ಆರ್‌ಇಜಿ-03ರಲ್ಲಿ ನೋಟಿಸ್ ಬರುತ್ತದೆ, 7 ಕೆಲಸದ ದಿನದಲ್ಲಿ ಉತ್ತರಿಸದಿದ್ದರೆ ಅರ್ಜಿ ತಿರಸ್ಕೃತ. ಕರೆಂಟ್ ಬಿಲ್, ತೆರಿಗೆ ರಸೀದಿ, ಹೆಸರು ಬದಲಾದ ಆದೇಶ, ಮೂರನ್ನೂ ಒಂದೇ ಪಿಡಿಎಫ್ ಮಾಡಿ ಹಾಕಿದರೆ ಈ ತಲೆನೋವು ಇರುವುದಿಲ್ಲ.

ಎಫ್‌ಎಸ್‌ಎಸ್‌ಎಐ: ಕೇಂದ್ರದ ಈ ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟ 14 ಅಂಕಿಯ ಸಂಖ್ಯೆ ಅದೇ ಇರುತ್ತದೆ, ವಿಳಾಸ ಮಾತ್ರ ತಿದ್ದಿಸಬೇಕು. ಬಿಲ್ ಪುಸ್ತಕದ ಮೇಲೆ, ನಿಪ್ಪಟ್ಟು-ಚಕ್ಕುಲಿ ಪೊಟ್ಟಣದ ಚೀಟಿಯ ಮೇಲೆ ವಿಳಾಸ ಅಚ್ಚು ಹಾಕಿಸಿದವರಿಗೆ ನಿಜವಾದ ಖರ್ಚು ಬರುವುದು ಇಲ್ಲಿ. ಆದೇಶದಲ್ಲಿ "ಇಷ್ಟು ತಿಂಗಳವರೆಗೆ ಹಳೆಯ ಹೆಸರೂ ನಡೆಯುತ್ತದೆ" ಎಂಬ ಸಾಲು ಬರುವಂತೆ ಮೊದಲೇ ಕೇಳಿ ಬರೆಸಿಕೊಳ್ಳಬೇಕು.

ಸಂಜೆಹೊತ್ತು:
ಸ್ವಿಗ್ಗಿ, ಜೊಮ್ಯಾಟೊ, ಗೂಗಲ್ ಮ್ಯಾಪ್?

ಖಾತಾಕಂದಾಯ:
ಅವು ದಾರಿ ಹಿಡಿಯುವುದು ಅಕ್ಷಾಂಶ-ರೇಖಾಂಶದಿಂದ, ಹೆಸರಿನಿಂದಲ್ಲ. ಡೆಲಿವರಿ ಹುಡುಗರಿಗೆ ತೊಂದರೆ ಇಲ್ಲ. ಹೊರಗಿನಿಂದ ಬರುವವರು ಹುಡುಕುವುದು "ವಿವಿ ಪುರಂ ಫುಡ್ ಸ್ಟ್ರೀಟ್" ಎಂದು, ಇಲ್ಲವೇ ನ್ಯಾಷನಲ್ ಕಾಲೇಜು ಮೆಟ್ರೊದಲ್ಲಿ ಇಳಿದು ದಾರಿ ಕೇಳುತ್ತಾರೆ. ಅಂಗಡಿಯವರು ತಮ್ಮ ಪುಟದ ವಿವರಣೆಯಲ್ಲಿ ಹಳೆಯ ಹೆಸರನ್ನು ಅಳಿಸಬಾರದು ಅಷ್ಟೇ.

ಗಾಡಿಗಾರರ_ದನಿ:
ಇಲ್ಲಿಯವರೆಗೆ ಮನೆಯವರು, ಅಂಗಡಿಯವರ ಮಾತೇ ಆಯಿತು. ನನಗೆ ಮುಖ್ಯವಾಗಿ ಕಾಣುವುದು ಮೂರನೇ ಪ್ರಶ್ನೆ, ಏಕೆಂದರೆ ಹೆಸರು ಬದಲಾವಣೆಯಲ್ಲಿ ನಿಜವಾಗಿ ಕಳೆದುಕೊಳ್ಳುವವರು ಬೀದಿಯಲ್ಲಿ ನಿಂತು ಮಾರುವವರು.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ತೆಗೆದು ನೋಡಿ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆಯಲ್ಲಿ ಬಂದವರಿಗೆ ವ್ಯಾಪಾರ ಪ್ರಮಾಣಪತ್ರ. ಸ್ಥಳಾಂತರಿಸಬೇಕಾದರೆ 30 ದಿನದ ನೋಟಿಸ್. ಇಷ್ಟು ಅನೇಕರಿಗೆ ಗೊತ್ತು. ಗೊತ್ತಿಲ್ಲದ್ದು ಎರಡನೇ ಅನುಸೂಚಿಯಲ್ಲಿದೆ: 50 ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ನಡೆದ ಸಹಜ ಮಾರುಕಟ್ಟೆಯನ್ನು (ಮಾರುವವರು, ಕೊಳ್ಳುವವರು ರೂಢಿಯಿಂದ ಸೇರುವ ಜಾಗವನ್ನು) ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಎಬ್ಬಿಸುವಂತಿಲ್ಲ. ರಾಜ್ಯದ ಯೋಜನೆಯಲ್ಲಿ ಇರಬೇಕಾದ ಅಂಶ ಅದು.

ಈಗ ಹೆಸರಿಗೆ ಬನ್ನಿ. 50 ವರ್ಷ ಎಂದು ತೋರಿಸುವುದು ಹೇಗೆ? ಹಳೆಯ ಸುಂಕದ ಚೀಟಿ, ದಂಡ ಕಟ್ಟಿದ ರಸೀದಿ, ಪತ್ರಿಕೆಯ ಸುದ್ದಿ, ಹಿಂದಿನ ಸಮೀಕ್ಷೆಯ ಪಟ್ಟಿ, ಫೋಟೊ. ದಂಡದ ರಸೀದಿಯನ್ನು ಅನೇಕರು ಅವಮಾನ ಎಂದು ಹರಿದು ಬಿಸಾಡುತ್ತಾರೆ, ಹಾಗೆ ಮಾಡಬೇಡಿ. ಇಂಥ ದಿನ ಇಂಥ ಕಡೆ ಈ ವ್ಯಕ್ತಿ ಮಾರುತ್ತಿದ್ದ ಎಂದು ಪಾಲಿಕೆ ಅಥವಾ ಪೊಲೀಸರೇ ಬರೆದುಕೊಟ್ಟ ಪುರಾವೆ ಅದು. ಇದರಲ್ಲೆಲ್ಲ ಇರುವುದು ಹಳೆಯ ಹೆಸರು. ನಾಳೆ ಪ್ರಮಾಣಪತ್ರ ಹೊಸ ಹೆಸರಿನಲ್ಲಿ ಬಂದು, ಎರಡೂ ಒಂದೇ ಜಾಗ ಎಂದು ಹೇಳುವ ಆದೇಶ ಕೈಯಲ್ಲಿ ಇಲ್ಲದಿದ್ದರೆ ಹಳೆಯ ಪುರಾವೆಯನ್ನು ಹೊಸ ಪತ್ರಕ್ಕೆ ಜೋಡಿಸುವುದು ವ್ಯಾಪಾರಿಯ ತಲೆಗೆ ಬರುತ್ತದೆ. ಮನೆ ಇದ್ದವರಿಗೆ ಪಿಐಡಿ ಕಾಪಾಡುತ್ತದೆ. ಗಾಡಿಯವರಿಗೆ ಅಂಥ ಅಂಕಿ ಇಲ್ಲ, ಅವರ ಗುರುತೇ ಬೀದಿಯ ಹೆಸರು.

ಆದ್ದರಿಂದ ನನ್ನ ನಿಲುವು: ಮೊದಲು ಸಹಜ ಮಾರುಕಟ್ಟೆ ಅಂತ ದಾಖಲಾಗಲಿ, ಹೆಸರು ಆಮೇಲೆ.

ಕಡತಪಾಲ:
ಒಂದು ತಿದ್ದುಪಡಿ ಸೇರಿಸುತ್ತೇನೆ. ಆ ಬೀದಿಯಲ್ಲಿ ಕಟ್ಟಡದೊಳಗಿನ ಮಳಿಗೆಗಳೂ ಬಹಳ ಇವೆ. ಬಾಡಿಗೆ ಕರಾರು ಮಾಡಿಕೊಂಡು ಮಳಿಗೆಯಲ್ಲಿ ದೋಸೆ ಹಾಕುವವರು ಆ ಕಾಯ್ದೆಯ ಅರ್ಥದಲ್ಲಿ ಬೀದಿ ವ್ಯಾಪಾರಿ ಅಲ್ಲ, ಅವರಿಗೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ರಸ್ತೆ, ಪಾದಚಾರಿ ದಾರಿ, ತಾತ್ಕಾಲಿಕ ಕಟ್ಟೆಯ ಮೇಲೆ ಅಥವಾ ತಳ್ಳುಗಾಡಿಯಲ್ಲಿ ಮಾರುವವರಷ್ಟೇ ಕಾಯ್ದೆಯ ರಕ್ಷಣೆಗೆ ಬರುತ್ತಾರೆ. ಮಳಿಗೆಯ ಮುಂದೆ ಕಾವಲಿ ಇಟ್ಟುಕೊಂಡವರದು ನಡುವಿನ ಸ್ಥಿತಿ, ಸಮೀಕ್ಷೆಯ ಹೊತ್ತಿಗೆ ಜಗಳ ಬರುವುದು ಅಲ್ಲೇ. ಎರಡು ಗುಂಪಿನವರೂ ಒಂದೇ ಮನವಿಗೆ ಸಹಿ ಹಾಕಿದರೆ ಅಧಿಕಾರಿ "ಇವರಲ್ಲಿ ಅರ್ಧ ಜನ ಬೀದಿ ವ್ಯಾಪಾರಿಗಳೇ ಅಲ್ಲ" ಎಂದು ಬರೆದು ಕೈತೊಳೆದುಕೊಳ್ಳಬಹುದು. ಬೇರೆ ಬೇರೆ ಕೊಡಿ.

ಸಾಧಕರ_ಪರ:
ಗಾಡಿಗಾರರ ದನಿ ಅವರ ಮಾತು ಒಪ್ಪುವಂಥದ್ದು. ಹಾಗಾದರೆ ಬೀದಿಯ ಹೆಸರು ಹಾಗೇ ಇರಲಿ, ಪ್ರವೇಶದಲ್ಲಿ ಒಂದು ಕಮಾನು ಕಟ್ಟಿ ಅದಕ್ಕೆ ಸಾಧಕರ ಹೆಸರಿಡಬಹುದಲ್ಲ? ಸಜ್ಜನ್ ರಾವ್ ಅವರ ಹೆಸರು ವೃತ್ತಕ್ಕೆ ಇರುವ ಹಾಗೆ.

ಹಳೆನಕ್ಷೆ:
ಕಮಾನು ಬೇಡ ಎನ್ನುವುದು ನನ್ನ ಸಲಹೆ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಒಲೆ ಉರಿಯುತ್ತಿರುತ್ತದೆ. ನಗರದ ರಸ್ತೆಯಲ್ಲಿ ತಲೆಯ ಮೇಲೆ 5.5 ಮೀಟರ್ ಬಿಡುವು ಇರಬೇಕು ಎನ್ನುವುದು ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ರಸ್ತೆ ಎಂಜಿನಿಯರುಗಳ ಸಂಸ್ಥೆಯ ಮಾನದಂಡ. ಅಷ್ಟು ಎತ್ತರ ಬಿಟ್ಟರೂ ಕಮಾನಿನ ಕಂಬಗಳು ಎರಡೂ ಬದಿ ಜಾಗ ತಿನ್ನುತ್ತವೆ, ಅಗ್ನಿಶಾಮಕ ವಾಹನ ತಿರುಗುವುದು ಸರಿಯಾಗಿ ಅದೇ ಮೂಲೆಯಲ್ಲಿ. ಗೋಡೆಗೆ ಹತ್ತಿದ ಕಲ್ಲಿನ ಫಲಕ ಸಾಕು. ಅದರಲ್ಲಿ ಆ ಸಾಧಕರು ಯಾರು, ಏನು ಮಾಡಿದರು ಎಂದು ನಾಲ್ಕು ಸಾಲು ಇದ್ದರೆ ಜನ ನಿಂತು ಓದುತ್ತಾರೆ. ರಸ್ತೆಯ ಹೆಸರಿನಿಂದ ಅಷ್ಟು ತಿಳಿಯುವುದಿಲ್ಲ.

ಶುಚಿರುಚಿ:
ಹೆಸರಿನ ಜೊತೆ "ಬ್ರಾಂಡ್" ಮಾತು ಸೇರಿಕೊಂಡಿರುವುದರಿಂದ ಇದನ್ನೂ ಹೇಳಬೇಕು. ಬೀದಿಗೆ ಹೊಸ ಬ್ರಾಂಡ್ ಬೇಕಾದರೆ ಎಫ್‌ಎಸ್‌ಎಸ್‌ಎಐನ ಬೀದಿ ಆಹಾರ ತಾಣದ ಮಾನ್ಯತೆ ಇದೆ. 2018ರಲ್ಲಿ ಅಹಮದಾಬಾದ್‌ನ ಕಾಂಕರಿಯಾ ಕೆರೆಯ ತಾಣಕ್ಕೆ ದೇಶದಲ್ಲೇ ಮೊದಲು ಸಿಕ್ಕಿತು. ಒಂದೇ ಕಡೆ 50 ಅಥವಾ ಹೆಚ್ಚು ಅಂಗಡಿ-ಗಾಡಿಗಳಿರಬೇಕು, ಶೇ 80ರಷ್ಟು ತಿನಿಸು ಆ ಪ್ರದೇಶದ್ದೇ ಆಗಿರಬೇಕು. ಮೊದಲು ಪೂರ್ವ ತಪಾಸಣೆ, ಕಂಡ ಕೊರತೆಗಳನ್ನು ಸರಿಪಡಿಸುವುದು, ಮಾರುವವರಿಗೆ ತರಬೇತಿ, ಕೊನೆಗೆ ಅಂತಿಮ ತಪಾಸಣೆ. 2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 100 ಆಹಾರ ಬೀದಿಗಳಿಗೆ ತಲಾ 1 ಕೋಟಿ ರೂಪಾಯಿ ಕೊಡುವ ಯೋಜನೆಯನ್ನೂ ತಂದಿತು.

ತಪಾಸಣೆಯಲ್ಲಿ ನೋಡುವುದು ಫಲಕವನ್ನಲ್ಲ. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶ) ಶೇ 25 ದಾಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ಕಣ್ಣಿಗೆ ಗುರುತು: ಬಣ್ಣ ಕಪ್ಪಾಗುತ್ತದೆ, ನೊರೆ ಇಳಿಯುವುದಿಲ್ಲ, ಕಡಿಮೆ ಉರಿಗೇ ಹೊಗೆ ಬರುತ್ತದೆ. ಹಳೆಯ ಎಣ್ಣೆಗೆ ಹೊಸದನ್ನು ಸೇರಿಸುತ್ತಾ ಹೋಗುವುದೇ ಕೆಡುವುದಕ್ಕೆ ದೊಡ್ಡ ಕಾರಣ, ಉಳಿದ ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ರುಬ್ಬಿದರೆ ಬೇಕಾದ ಕೆಂಪು ಬರುತ್ತದೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬೇಡ ಎಂದು 2025ರಲ್ಲಿ ಆದೇಶವಾಗಿದೆ, ಬಿಳಿ ಹತ್ತಿ ಬಟ್ಟೆಗೆ ಮರಳಬೇಕು. ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಹಾಸಿದರೆ ಇಡ್ಲಿ ಅಂಟುವುದಿಲ್ಲ. ಸಿಲಿಂಡರ್ 19 ಕೆ.ಜಿ.ಯದ್ದೇ ಆಗಬೇಕು, ಮನೆಯ 14.2 ಕೆ.ಜಿ. ಅಲ್ಲ. ಚರಂಡಿಗೆ ಜಿಡ್ಡು ತಡೆಯುವ ತೊಟ್ಟಿ ಇಲ್ಲದಿದ್ದರೆ ಎಷ್ಟು ಬಾರಿ ಕಲ್ಲು ಹಾಸಿದರೂ ಮಳೆಗಾಲದಲ್ಲಿ ನೀರು ಮೇಲೆ ಬರುತ್ತದೆ, ಏಕೆಂದರೆ ಎಣ್ಣೆ ತಣ್ಣಗಾಗಿ ಪೈಪಿನ ಒಳಗೋಡೆಗೆ ಕಟ್ಟಿಕೊಳ್ಳುತ್ತದೆ.

2023ರಲ್ಲಿ ಬೀದಿ ಅಗೆದಾಗ ವ್ಯಾಪಾರ ಎಷ್ಟು ಕುಸಿಯಿತು ಎಂದು ಅಲ್ಲಿನವರಿಗೆ ಗೊತ್ತು. ಆ ವರ್ಷ ಅವರೆಬೇಳೆ ಮೇಳವೂ ಅಲ್ಲಿಂದ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಮತ್ತೆ ಕೈಹಾಕುವುದಾದರೆ ಮೊದಲು ಕೆಳಗಿನ ಪೈಪು, ಆಮೇಲೆ ಮೇಲಿನ ಬೋರ್ಡು.

ಸಂಜೆಹೊತ್ತು:
ಒಂದು ವೇಳೆ ಪ್ರಕಟಣೆ ಬಂದೇಬಿಟ್ಟರೆ ಆಕ್ಷೇಪಣೆ ಬರೆಯುವುದು ಹೇಗೆ? ಮಾದರಿ ಇದ್ದರೆ ಹಾಕಿ.

ಕಡತಪಾಲ:
ಒಂದೇ ಪುಟ ಸಾಕು. ಮೇಲೆ ಪ್ರಕಟಣೆಯ ಸಂಖ್ಯೆ, ದಿನಾಂಕ. ನೀವು ಯಾರು: ಮಾಲೀಕರಾದರೆ ಪಿಐಡಿ, ಬಾಡಿಗೆದಾರರಾದರೆ ಉದ್ದಿಮೆ ಪರವಾನಗಿ ಸಂಖ್ಯೆ, ಗಾಡಿಯವರಾದರೆ ವ್ಯಾಪಾರ ಪ್ರಮಾಣಪತ್ರದ ಸಂಖ್ಯೆ. ಆಮೇಲೆ ನಿಮ್ಮ ಕಾರಣ, ಒಂದು ಅಥವಾ ಎರಡು. "ಭಾವನೆಗೆ ಧಕ್ಕೆ" ಎಂದು ಬರೆದದ್ದನ್ನು ಬದಿಗಿಡುವುದು ಸುಲಭ. "ಈ ಬದಲಾವಣೆಯಿಂದ ನನ್ನ ಇಂಥ ದಾಖಲೆ ಹೊಂದುವುದಿಲ್ಲ" ಎಂದರೆ ಕಡತದಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ. ನೂರು ಸಹಿಯ ಒಂದು ಮನವಿಯನ್ನು ಒಂದೇ ಆಕ್ಷೇಪಣೆ ಎಂದು ಎಣಿಸಿಬಿಡಬಹುದು, ಆದ್ದರಿಂದ ಒಬ್ಬೊಬ್ಬರೂ ಬೇರೆಯಾಗಿ ಕೊಡಿ. ಎರಡು ಪ್ರತಿ ಒಯ್ದು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕಾಗಿ ಪೀಠಿಕೆ ಬಿಟ್ಟು ನೇರ ಕೇಳಿ: ಮೂಲ ಮನವಿ, ಕಡತದ ಟಿಪ್ಪಣಿ ಪುಟಗಳು, ನಿರ್ಣಯ, ಪ್ರಕಟಣೆ ಬಂದ ಪತ್ರಿಕೆಗಳ ಪ್ರತಿ, ಬಂದ ಆಕ್ಷೇಪಣೆಗಳ ಪಟ್ಟಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಗಾಡಿಗಾರರ_ದನಿ:
ಆಕ್ಷೇಪಣೆಯ ಕೊನೆಗೆ ಪರ್ಯಾಯ ಕೋರಿಕೆಯೂ ಇರಲಿ. ನಾನು ಸೂಚಿಸುವ ಒಕ್ಕಣೆ ಇದು, ಬೇಕಾದವರು ನಕಲು ಮಾಡಿಕೊಳ್ಳಿ:

"ಪ್ರಸ್ತಾವವನ್ನು ಕೈಬಿಡಬೇಕೆಂದು ಕೋರುತ್ತೇನೆ. ಒಂದು ವೇಳೆ ಹೆಸರು ಬದಲಿಸುವುದೇ ಆದರೆ, (1) ಆದೇಶದಲ್ಲಿ 'ತಿಂಡಿ ಬೀದಿ' ಎಂಬ ರೂಢಿಯ ಹೆಸರನ್ನೂ, ಈವರೆಗಿನ ದಾಖಲೆಯ ಹೆಸರನ್ನೂ ನಮೂದಿಸಿ, ಹೊಸ ಹೆಸರೂ ಸೇರಿ ಮೂರೂ ಒಂದೇ ಜಾಗವೆಂದು ಸ್ಪಷ್ಟಪಡಿಸಬೇಕು. (2) ನಾಮಫಲಕದಲ್ಲಿ ರೂಢಿಯ ಹೆಸರೂ ಇರಬೇಕು. (3) ಹಳೆಯ ಹೆಸರಿನ ರಸೀದಿ, ಪರವಾನಗಿ, ಪ್ರಮಾಣಪತ್ರಗಳು ಅವುಗಳ ಅವಧಿ ಮುಗಿಯುವವರೆಗೆ ಊರ್ಜಿತವೆಂದು ತಿಳಿಸಬೇಕು. (4) ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ಪ್ರಸ್ತಾವವನ್ನಿಟ್ಟು ಅದರ ಅಭಿಪ್ರಾಯ ಪಡೆದ ಮೇಲಷ್ಟೇ ಸರ್ಕಾರಕ್ಕೆ ಕಳುಹಿಸಬೇಕು."

ಊರಹಾದಿ:
ಇದನ್ನು ಮೇಲೆ ಪಿನ್ ಮಾಡಿದ್ದೇನೆ. ಹಳೆಯ ಸುಂಕದ ಚೀಟಿ, ಬೀದಿಯ ಹೆಸರಿರುವ ಬಿಲ್, ಹಳೆಯ ಫೋಟೊ ಇರುವವರು ಹೆಸರು, ಫೋನ್ ಸಂಖ್ಯೆ ಮುಚ್ಚಿ ಸ್ಕ್ಯಾನ್ ಹಾಕಿ. ಇಸವಿ ಕಾಣುವಂತಿರಲಿ.